ಬೇಯಿಸಿದರೂ ಹೋಗದ ಹಿಸ್ಟಮಿನ್

ಕೇಳುಗರಿಗೆ ನಮಸ್ಕಾರ. ಮೀನು ತಾಜಾ ಇದೆಯೇ ಎಂದು ತಿಳಿಯಲು ಕಿವಿರು ಎತ್ತಿ ನೋಡುತ್ತೇವೆ, ಮೂಸಿ ನೋಡುತ್ತೇವೆ. ಬಹುಪಾಲು ಸಲ ಅಷ್ಟೇ ಸಾಕು. ಆದರೆ ಬಂಗುಡೆ, ಬೂತಾಯಿ, ಟ್ಯೂನಾ ಜಾತಿಗಳಲ್ಲಿ ವಾಸನೆ ಏಳುವ ಮೊದಲೇ ಹಿಸ್ಟಮಿನ್ ಎಂಬ ರಾಸಾಯನಿಕ ಅಪಾಯದ ಮಟ್ಟ ಮುಟ್ಟಿರಬಹುದು. ತಿಂದ ಕೆಲವೇ ನಿಮಿಷಗಳಲ್ಲಿ, ಇಲ್ಲವೇ ಒಂದೆರಡು ಗಂಟೆಗಳಲ್ಲಿ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಬಾಯಿ ಚುರುಗುಟ್ಟುತ್ತದೆ, ಮೈಮೇಲೆ ದದ್ದು ಏಳುತ್ತದೆ. ಇದನ್ನು ಅಲರ್ಜಿ ಎಂದುಕೊಳ್ಳುವವರೇ ಹೆಚ್ಚು. ಅಲರ್ಜಿಯ ಮೂಲ ತಿನ್ನುವವರ ಮೈಯಲ್ಲಿ. ಇದರ ಮೂಲ ಮೀನಿನಲ್ಲೇ.

ಈ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಧಾರಾಳವಾಗಿದೆ. ಕಿವಿರಲ್ಲೂ ಕರುಳಲ್ಲೂ ಇರುವ ಮಾರ್ಗನೆಲ್ಲ ಮಾರ್ಗನಿಯಂಥ ಬ್ಯಾಕ್ಟೀರಿಯಾಗಳು, ಮೀನು ಸತ್ತ ಮೇಲೆ ಮಾಂಸಕ್ಕೆ ಹಬ್ಬಿ, ತಮ್ಮ ಕಿಣ್ವದಿಂದ ಹಿಸ್ಟಿಡಿನನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಬೇಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಕಿಣ್ವವೂ ಕೆಡುತ್ತದೆ. ಆಗಲೇ ಹುಟ್ಟಿದ ಹಿಸ್ಟಮಿನ್ ಮಾತ್ರ ಹಾಗೇ ಉಳಿಯುತ್ತದೆ. ಡಬ್ಬಿಯಲ್ಲಿ ತುಂಬಿ ಬಿಸಿ ಕೊಟ್ಟರೂ ಅಷ್ಟೇ. ಹೆಪ್ಪುಗಟ್ಟಿಸಿದರೆ ಕಿಣ್ವ ಸುಮ್ಮನಿರುತ್ತದೆ, ಕರಗಿಸಿದಾಗ ಮತ್ತೆ ಕೆಲಸಕ್ಕೆ ಇಳಿಯುತ್ತದೆ.

ಹಾಗಾದರೆ ಎಷ್ಟಿದ್ದರೆ ಹೆಚ್ಚು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2012ರಲ್ಲಿ ಈ ಲೆಕ್ಕ ಹಾಕಿದರು. ಆರೋಗ್ಯವಂತರಿಗೆ ಒಂದು ಊಟದಲ್ಲಿ 50 ಮಿಲಿಗ್ರಾಂವರೆಗೆ ತೊಂದರೆ ಕಾಣದು. ಒಮ್ಮೆಗೆ 250 ಗ್ರಾಂ ಮೀನು ತಿಂದಾರು ಎಂದು ಹಿಡಿದರೆ, ಕಿಲೋ ಮೀನಿಗೆ 200 ಮಿಲಿಗ್ರಾಂ ಎಂಬ ಮಿತಿ ಸಿಗುತ್ತದೆ.

ಮಿತಿ ಗೊತ್ತಾದ ಮಾತ್ರಕ್ಕೆ ಪರೀಕ್ಷೆ ಸುಲಭವಾಗದು. ಒಂದೇ ರಾಶಿಯಲ್ಲಿ ಒಂದು ಮೀನು ಶುದ್ಧ, ಪಕ್ಕದ್ದು ಮಿತಿ ಮೀರಿದ್ದು. ಒಂದೇ ಮೀನಿನಲ್ಲೂ ಕಿವಿರಿನ ಹತ್ತಿರದ ಮಾಂಸಕ್ಕೂ ಬಾಲದ ಮಾಂಸಕ್ಕೂ ವ್ಯತ್ಯಾಸ. ಎರಡು ಮೀನು ತೆಗೆದು ನೋಡಿ ಇಡೀ ರಾಶಿಗೆ ಒಪ್ಪಿಗೆ ಕೊಡುವುದು ಜೂಜು. ಐರೋಪ್ಯ ಒಕ್ಕೂಟದ ನಿಯಮ ಒಂದು ರಾಶಿಗೆ 9 ಮಾದರಿ ಕೇಳುವುದು ಇದಕ್ಕೇ. ಅಷ್ಟಾದರೂ ಪ್ರಯೋಗಾಲಯ ಪತ್ತೆ ಮಾಡಬಲ್ಲದೇ ಹೊರತು ಸರಿಪಡಿಸಲಾರದು. ತಡೆಯಬೇಕಾದ್ದು ದೋಣಿಯಲ್ಲಿ, ಮಂಜುಗಡ್ಡೆಯಿಂದ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಾರ್ಗಸೂಚಿಯಲ್ಲಿ, ಗಾಳಿ ಅಥವಾ ನೀರಿನ ಉಷ್ಣತೆ 28.3 ಡಿಗ್ರಿ ಸೆಲ್ಸಿಯಸ್ ಮೀರಿದ್ದರೆ ಮೀನು ಸತ್ತ 6 ಗಂಟೆಯೊಳಗೆ ಮಂಜುಗಡ್ಡೆಗೆ ಸೇರಬೇಕು; ಅದಕ್ಕಿಂತ ತಂಪಿದ್ದರೆ 9 ಗಂಟೆ. ‘ಸತ್ತ’ ಎಂಬ ಮಾತನ್ನು ಗಮನಿಸಿ. ಬಲೆಯಲ್ಲೋ ಗಾಳದಲ್ಲೋ ಸಿಕ್ಕು ನೀರಿನೊಳಗೇ ಸತ್ತ ಮೀನಿನ ಲೆಕ್ಕ ಅದನ್ನು ಮೇಲೆತ್ತುವ ಮೊದಲೇ ಶುರುವಾಗಿರುತ್ತದೆ.

ಮಂಜುಗಡ್ಡೆ ಎಷ್ಟು ಬೇಕು? 30 ಡಿಗ್ರಿಯಲ್ಲಿರುವ 3 ಕಿಲೋ ಮೀನನ್ನು ಸೊನ್ನೆಗೆ ಇಳಿಸಲು ಲೆಕ್ಕದ ಪ್ರಕಾರ ಸುಮಾರು 1 ಕಿಲೋ ಸಾಕು. ಆದರೆ ಪೆಟ್ಟಿಗೆಯ ಗೋಡೆಯಿಂದ, ಮುಚ್ಚಳ ತೆರೆದಾಗಲೆಲ್ಲ, ಬಿಸಿ ಒಳಗೆ ಬರುತ್ತಲೇ ಇರುತ್ತದೆ. ಆದ್ದರಿಂದ ಸೆಕೆಯ ಪ್ರದೇಶಗಳಲ್ಲಿ ಮೀನಿನಷ್ಟೇ ತೂಕದ ಮಂಜುಗಡ್ಡೆ ಒಯ್ಯುವುದು ಕ್ಷೇಮ. ಅಡಿಯಲ್ಲಿ ಒಂದು ಪದರ, ನಡುನಡುವೆ, ಮೇಲೆ ಮತ್ತೊಂದು. ಮೇಲಷ್ಟೇ ಸುರಿದರೆ ನಡುವಿನ ಮೀನು ಗಂಟೆಗಟ್ಟಲೆ ಬೆಚ್ಚಗೇ ಉಳಿಯುತ್ತದೆ. ದೊಡ್ಡ ಟ್ಯೂನಾದ ಕರುಳು, ಕಿವಿರು ತೆಗೆದು, ಹೊಟ್ಟೆಯೊಳಗೂ ಮಂಜುಗಡ್ಡೆ ತುಂಬಬೇಕು.

ಬಲೆ ಹಾಕಿದ ಹೊತ್ತು, ನೀರಿನ ಉಷ್ಣತೆ, ಮಂಜುಗಡ್ಡೆಗೆ ಇಟ್ಟ ಹೊತ್ತು, ದಡದಲ್ಲಿ ಮೀನಿನ ಒಳಮಾಂಸದ ಉಷ್ಣತೆ: ಈ ನಾಲ್ಕನ್ನೂ ದೋಣಿಯ ಪುಸ್ತಕದಲ್ಲಿ ಬರೆದಿಡಿ. ಥರ್ಮಾಮೀಟರನ್ನು ಆಗಾಗ ಪುಡಿ ಮಂಜುಗಡ್ಡೆ ಬೆರೆಸಿದ ಸಿಹಿನೀರಿನಲ್ಲಿ ಅದ್ದಿ ನೋಡಿ. ಅದು ಸೊನ್ನೆ ತೋರಿಸದಿದ್ದರೆ ಪುಸ್ತಕದ ಅಂಕಿಗಳೂ ತಪ್ಪೇ. ನಮಸ್ಕಾರ.