ಲಕ್ವ ಹೊಡೆದವರನ್ನು ಹಿಂದಿನ ಕೋಣೆಗೆ ಹಾಕಬೇಡಿ

[ಪರದೆಯ ಮೇಲೆ: ಅಕ್ಕಪಕ್ಕ ಎರಡು ಪಂಜರ, ಒಂದು ಚಿಕ್ಕದು, ಒಂದು ದೊಡ್ಡದು]

ನಮಸ್ಕಾರ. ಇವತ್ತಿನ ಮಾತು ಸ್ಟ್ರೋಕ್ ಬಗ್ಗೆ, ಅಂದರೆ ನಾವು ಲಕ್ವ, ಪಾರ್ಶ್ವವಾಯು ಅನ್ನುವ ಕಾಯಿಲೆಯ ಬಗ್ಗೆ. ಆದರೆ ಮೊದಲು ಇಲಿಗಳ ಕಥೆ ಕೇಳಿ.

1995ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಬಾರ್ಬ್ರೋ ಯೋಹಾನ್ಸನ್ ಮತ್ತು ಅವರ ಸಹೋದ್ಯೋಗಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಇಲಿಗಳ ಮೆದುಳಿಗೆ ಹೋಗುವ ಒಂದು ರಕ್ತನಾಳ ಕಟ್ಟಿ ಸ್ಟ್ರೋಕ್ ಆಗುವ ಹಾಗೆ ಮಾಡಿದ್ದರು. ಆಮೇಲೆ ಕೆಲವು ಇಲಿಗಳು ಮಾಮೂಲಿ ಪಂಜರದಲ್ಲೇ ಉಳಿದವು. ಮೇವು, ನೀರು, ಅಷ್ಟೇ. ಇನ್ನು ಕೆಲವನ್ನು ದೊಡ್ಡ ಪಂಜರಕ್ಕೆ ಬಿಟ್ಟರು. ಅಲ್ಲಿ ಹತ್ತೋಕೆ ಹಲಗೆ, ನೇತಾಡೋಕೆ ಸರಪಳಿ, ಮರದ ತುಂಡುಗಳು, ಜೊತೆಗೆ ಒಂದಷ್ಟು ಬೇರೆ ಇಲಿಗಳು. ಸಾಮಾನುಗಳ ಜಾಗವನ್ನೂ ಆಗಾಗ ಬದಲಾಯಿಸುತ್ತಿದ್ದರು. ನಿನ್ನೆ ಹತ್ತಿದ ದಾರಿ ಇವತ್ತು ಅಲ್ಲಿರುತ್ತಿರಲಿಲ್ಲ.

ದೊಡ್ಡ ಪಂಜರದ ಇಲಿಗಳು ಕಾಲಿಡುವುದರಲ್ಲಿ, ಸಮತೋಲನದಲ್ಲಿ ಚೆನ್ನಾಗಿ ಚೇತರಿಸಿಕೊಂಡವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಮೆದುಳಿನಲ್ಲಿ ಸತ್ತ ಭಾಗದ ಗಾತ್ರದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಗಾಯ ಅಷ್ಟೇ ಇದೆ, ನಡಿಗೆ ಮಾತ್ರ ಸುಧಾರಿಸಿದೆ.

ಇದು ಹೇಗೆ? ಸತ್ತ ನರಕೋಶ ತಿರುಗಿ ಬರೋದಿಲ್ಲ. ಉಳಿದಿರುವ ಕೋಶಗಳು ಹೊಸ ಕವಲು ಚಾಚಿ, ಹೊಸ ಸಂಪರ್ಕ ಮಾಡಿಕೊಂಡು, ಹೋದ ಕೆಲಸದ ಒಂದಿಷ್ಟನ್ನು ತಾವು ವಹಿಸಿಕೊಳ್ಳುತ್ತವೆ. ಕೆನಡಾದಲ್ಲಿ ಬೀರ್ನಾಸ್ಕಿ ಮತ್ತು ಕಾರ್ಬೆಟ್ 2001ರಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು. ಆ ದೊಡ್ಡ ಪಂಜರದಂಥ ಉತ್ತೇಜಕ ಪರಿಸರದ ಜೊತೆಗೆ ಕೈಚಾಚಿ ಆಹಾರ ತೆಗೆದುಕೊಳ್ಳುವ ಅಭ್ಯಾಸವನ್ನೂ ಕೊಟ್ಟಾಗ, ಪೆಟ್ಟು ಬೀಳದ ಬದಿಯ ಮೆದುಳಿನಲ್ಲಿ ಕವಲುಗಳು ಹೆಚ್ಚಿದವು. 2004ರಲ್ಲಿ ಅದೇ ತಂಡ ಇನ್ನೊಂದು ವಿಷಯ ಕಂಡುಕೊಂಡಿತು. ಸ್ಟ್ರೋಕ್ ಆದ 5ನೇ ದಿನದಿಂದ ಶುರು ಮಾಡಿದರೆ ಲಾಭ ಹೆಚ್ಚು, 14ನೇ ದಿನದಿಂದಾದರೆ ಕಡಿಮೆ, 30ನೇ ದಿನದಿಂದ ಶುರು ಮಾಡಿದ ಇಲಿಗಳಿಗೆ ಹೇಳಿಕೊಳ್ಳುವ ಲಾಭವೇ ಆಗಲಿಲ್ಲ. ಇಲಿಯ ಮೂವತ್ತು ದಿನ ಮನುಷ್ಯನ ಮೂವತ್ತು ದಿನ ಅಲ್ಲ, ದಯವಿಟ್ಟು ಹಾಗೆ ಲೆಕ್ಕ ಹಾಕಬೇಡಿ.

[ಪರದೆಯ ಮೇಲೆ: ಆಸ್ಪತ್ರೆಯ ವಾರ್ಡು]

ಈಗ ಮನುಷ್ಯರ ವಿಷಯ. ಮೆಲ್ಬರ್ನ್‌ನ ಐದು ಸ್ಟ್ರೋಕ್ ಘಟಕಗಳಲ್ಲಿ ಜೂಲಿ ಬರ್ನ್‌ಹಾರ್ಟ್ ತಂಡ 58 ರೋಗಿಗಳನ್ನು ಹಗಲೆಲ್ಲ ಗಮನಿಸಿ 2004ರಲ್ಲಿ ವರದಿ ಮಾಡಿತು. ಅರ್ಧಕ್ಕಿಂತ ಹೆಚ್ಚು ಹೊತ್ತು ಅವರು ಹಾಸಿಗೆಯಲ್ಲೇ ಇದ್ದರು. ಶೇಕಡಾ 60ರಷ್ಟು ಹೊತ್ತು ಪಕ್ಕದಲ್ಲಿ ಯಾರೂ ಇರಲಿಲ್ಲ. ಒಳ್ಳೆಯ ಆಸ್ಪತ್ರೆಗಳೇ ಅವು. ಆದರೂ ರೋಗಿ ಇದ್ದದ್ದು ಸಣ್ಣ ಪಂಜರದಲ್ಲೇ ಅಲ್ಲವೇ?

2008ರಲ್ಲಿ ಹೆಲ್ಸಿಂಕಿಯ ಸಂಶೋಧಕರು ಪ್ರಕಟಿಸಿದ ಅಧ್ಯಯನವನ್ನೂ ಹೇಳಲೇಬೇಕು. ಸ್ಟ್ರೋಕ್ ಆದವರಲ್ಲಿ ಒಂದು ಗುಂಪು ಎರಡು ತಿಂಗಳು ದಿನವೂ ತಮಗಿಷ್ಟವಾದ ಸಂಗೀತ ಕೇಳಿತು, ಇನ್ನೊಂದು ಗುಂಪು ಓದಿ ಹೇಳುವ ಪುಸ್ತಕ ಕೇಳಿತು, ಮೂರನೆಯದಕ್ಕೆ ಮಾಮೂಲಿ ಚಿಕಿತ್ಸೆ ಮಾತ್ರ. ಸಂಗೀತ ಕೇಳಿದವರಿಗೆ ಮಾತಿನ ನೆನಪು, ಏಕಾಗ್ರತೆ ಹೆಚ್ಚು ಸುಧಾರಿಸಿತು. ಖಿನ್ನತೆಯೂ ಕಡಿಮೆ ಇತ್ತು.

ಇಲ್ಲಿ ಎರಡು ಎಚ್ಚರಿಕೆಯ ಮಾತು ಬೇಕು. ಮೊದಲ 24 ಗಂಟೆಯೊಳಗೇ ರೋಗಿಯನ್ನು ಎಬ್ಬಿಸಿ ಪದೇಪದೇ ಓಡಾಡಿಸಿದರೆ ಏನಾಗುತ್ತದೆ ಅಂತ 2,104 ಜನರ ಮೇಲೆ ನಡೆದ ಅಧ್ಯಯನ 2015ರಲ್ಲಿ ಹೊರಬಂತು. ಒಳ್ಳೆಯ ಚೇತರಿಕೆಯ ಸಾಧ್ಯತೆ ಅದರಿಂದ ಕಡಿಮೆಯೇ ಆಯಿತು. ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳನ್ನು ಸೇರಿಸಿಕೊಂಡು, ಮನೆಯವರಿಗೇ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆರು ತಿಂಗಳ ನಂತರ ಈ ತರಬೇತಿ ಸಿಕ್ಕ ಗುಂಪು, ಮಾಮೂಲಿ ಚಿಕಿತ್ಸೆ ಮಾತ್ರ ಸಿಕ್ಕ ಗುಂಪು, ಎರಡರಲ್ಲೂ ಶೇಕಡಾ 47ರಷ್ಟು ಜನ ತೀರಿಕೊಂಡಿದ್ದರು ಅಥವಾ ಬೇರೆಯವರ ಆಸರೆಯಲ್ಲಿದ್ದರು. ಹಾಗಾಗಿ ಫಿಸಿಯೋಥೆರಪಿಸ್ಟ್ ಜಾಗವನ್ನು ಮನೆಯವರ ಪ್ರೀತಿ ತುಂಬುತ್ತದೆ ಅಂತ ನಾನು ಹೇಳಲಾರೆ. ಫಿಸಿಯೋ ಬಂದು ಹೋದ ಮೇಲೂ ಇಡೀ ಹಗಲು ಉಳಿದಿರುತ್ತದಲ್ಲ, ನಾನು ಕೇಳುತ್ತಿರುವುದು ಆ ಹೊತ್ತಿನ ಬಗ್ಗೆ.

[ಪರದೆಯ ಮೇಲೆ: ನಡುಮನೆ, ಕಿಟಕಿ ಪಕ್ಕ ಕುರ್ಚಿ]

ನಮ್ಮ ಮನೆಗಳಲ್ಲಿ ಏನಾಗುತ್ತದೆ? "ಪಾಪ, ರೆಸ್ಟ್ ತಗೊಳ್ಳಲಿ" ಅಂತ ಅಪ್ಪನ ಮಂಚ ಹಿಂದಿನ ಕೋಣೆ ಸೇರುತ್ತದೆ. ನೋಡೋಕೆ ಬಂದವರು ಅವರೆದುರೇ ಮಗಳನ್ನು ಕೇಳುತ್ತಾರೆ: "ಊಟ ಮಾಡ್ತಾರಾ? ಗುರುತು ಹಿಡೀತಾರಾ?" ಅವರನ್ನೇ ಕೇಳಿ. "ಅಣ್ಣ, ತಿಂಡಿ ಆಯ್ತಾ?" ಅಂತ ಕೇಳಿ ಸುಮ್ಮನೆ ಕಾಯಿರಿ. ಉತ್ತರ ತಡವಾಗಬಹುದು, ಬರೀ ಕಣ್ಣಲ್ಲೇ ಬರಬಹುದು.

ವೈದ್ಯರು ಕೂರಬಹುದು ಅಂದ ಮೇಲೆ ನಡುಮನೆಗೆ ಕರೆತನ್ನಿ. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದವರಾದರೆ ಒಂದು ಹಿಡಿ ಅವರ ಮುಂದೆಯೂ ಇಡಿ, ಬಲವಿಲ್ಲದ ಕೈ ಸಿಪ್ಪೆ ಒತ್ತಿ ಹಿಡಿದರೂ ಅದು ಕೆಲಸವೇ. ಚೌಕಾಬಾರ ಗೊತ್ತಿದ್ದರೆ ಕವಡೆ ಅವರೇ ಹಾಕಲಿ, ಎಣಿಸಲಿ. ಕಾಳು ಚೆಲ್ಲಿದರೆ ಚೆಲ್ಲಲಿ. ಬೆಳಗಿನಿಂದ ರಾತ್ರಿವರೆಗೆ ಟಿವಿ ಹಚ್ಚಿಟ್ಟರೆ ಮಾತ್ರ ಇದಾವುದೂ ಆಗುವುದಿಲ್ಲ, ಗದ್ದಲದಿಂದ ಬೇಗ ಸುಸ್ತಾಗುತ್ತದೆ ಅಷ್ಟೇ. ಸ್ಟ್ರೋಕ್ ನಂತರದ ದಣಿವು ನಿಜವಾದದ್ದು, ಅವರು ಸಾಕು ಅಂದಾಗ ಬಿಡಿ.

ಬಿದ್ದುಬಿಡುವ ಭಯವಿದ್ದರೆ ಒಬ್ಬರು ಪಕ್ಕದಲ್ಲೇ ಇರಬೇಕು. ನುಂಗುವಾಗ ಕೆಮ್ಮು ಬರುತ್ತಿದ್ದರೆ ಬಾಯಿಗೆ ಏನೂ ಕೊಡದೆ ಮೊದಲು ವೈದ್ಯರಿಗೆ ತೋರಿಸಿ. ಮಾತೇ ಹೋಗಿದ್ದರೆ ಅದಕ್ಕೂ ಥೆರಪಿ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಚಿಕಿತ್ಸೆ ಸಿಗುತ್ತದೆ. ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ರಿಪೋರ್ಟ್ ತೆಗೆದುಕೊಂಡು ಹೋಗಿ.