ಹಡಗು ಹತ್ತುವ ರೈಲು

ಕೇಳುಗರಿಗೆ ನಮಸ್ಕಾರ.

ಸಿಗಂದೂರಿಗೆ ಲಾಂಚ್‌ನಲ್ಲಿ ಹೋದವರು ನಿಮ್ಮಲ್ಲಿ ತುಂಬಾ ಜನ ಇರಬಹುದು. ಹೊಳೆಬಾಗಿಲಲ್ಲಿ ಬಸ್ಸು ನಿಧಾನಕ್ಕೆ ಲಾಂಚ್ ಹತ್ತಿ ನಿಲ್ಲುತ್ತಿತ್ತು. ಜನ ಕಂಬಿ ಹಿಡಿದುಕೊಂಡು ಶರಾವತಿ ಹಿನ್ನೀರು ನೋಡುತ್ತಿದ್ದರು. 2025ರ ಜುಲೈನಲ್ಲಿ ಸೇತುವೆ ತೆರೆಯಿತು, ಈಗ ಬಸ್ಸು ನಿಲ್ಲದೆ ಹೋಗುತ್ತದೆ. ಅಂಥ ಲಾಂಚನ್ನು ಬಸ್ಸಿನ ಬದಲು ಒಂದು ರೈಲು ಹತ್ತಿದರೆ ಹೇಗಿರುತ್ತದೆ? ತಮಾಷೆಗೆ ಹೇಳುತ್ತಿಲ್ಲ. ಇಟಲಿಯಲ್ಲಿ ಇವತ್ತಿಗೂ ಹತ್ತುತ್ತದೆ.

ಇಟಲಿಯ ನಕ್ಷೆ ಬೂಟುಗಾಲಿನ ಹಾಗಿದೆ, ಅಲ್ವಾ? ಆ ಬೂಟಿನ ತುದಿಗೆ ಇನ್ನೇನು ತಾಗುತ್ತದೆ ಅನ್ನುವಷ್ಟು ಹತ್ತಿರ ಸಿಸಿಲಿ ದ್ವೀಪ ಇದೆ. ಅದರ ರಾಜಧಾನಿ ಪಲೆರ್ಮೊ. ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಒಮ್ಮೆ ಹಡಗಿನಲ್ಲಿ, ಒಮ್ಮೆ ರೈಲಿನಲ್ಲಿ. ವಿಮಾನದಲ್ಲಿ ರೋಮ್‌ನಿಂದ ಒಂದು ಗಂಟೆಯ ದಾರಿ. ಆದರೆ ಹಾಗೆ ಹೋದರೆ ದ್ವೀಪಕ್ಕೆ ಬಂದೆವು ಅಂತ ಗೊತ್ತೇ ಆಗುವುದಿಲ್ಲ.

ಮೊದಲು ರೈಲಿನ ಕಥೆ. ರೋಮ್‌ನಿಂದ ಬೆಳಿಗ್ಗೆ ಹೊರಟರೆ ಪಲೆರ್ಮೊ ತಲುಪುವಾಗ ಸಂಜೆ. ಹತ್ತಿರಹತ್ತಿರ ಹನ್ನೆರಡು ಗಂಟೆ. ರಾತ್ರಿ ಮಲಗಿಕೊಂಡು ಹೋಗುವ ರೈಲೂ ಇದೆ. ನನ್ನ ಮಾತು ಕೇಳಿದರೆ ಹಗಲಿನದನ್ನೇ ಹಿಡಿಯಿರಿ. ಹೋಗುವ ದಿಕ್ಕಿಗೆ ಬಲಗಡೆಯ ಕಿಟಕಿ ಸಿಕ್ಕಿದರೆ ಸಮುದ್ರ ನಿಮ್ಮದೇ. ನೇಪಲ್ಸ್ ದಾಟಿ, ದಕ್ಷಿಣಕ್ಕೆ ಇಳಿಯುತ್ತಾ ಹೋದ ಹಾಗೆ ಒಂದು ಸುರಂಗ, ಒಂದು ಚೂರು ನೀಲಿ ನೀರು, ಮತ್ತೆ ಸುರಂಗ. ನಮ್ಮ ಕೊಂಕಣ ರೈಲಿನವರಿಗೆ ಇದು ಹೊಸದಲ್ಲ.

ಹೊಸದು ಶುರುವಾಗುವುದು ವಿಲ್ಲಾ ಸಾನ್ ಜೊವಾನ್ನಿ ಅನ್ನುವ ನಿಲ್ದಾಣದಲ್ಲಿ. ಅಲ್ಲಿಗೆ ನೆಲ ಮುಗಿಯಿತು. ಮುಂದೆ ಮೆಸ್ಸಿನಾ ಜಲಸಂಧಿ. ತೀರಾ ಕಿರಿದಾದ ಕಡೆ ಅದರ ಅಗಲ ಬರೀ ಮೂರು ಕಿಲೋಮೀಟರ್ ಚಿಲ್ಲರೆ. ಆಚೆ ದಡದ ಮನೆಗಳು ಕಣ್ಣಿಗೆ ಕಾಣುತ್ತವೆ. ರೈಲು ನಿಂತಿತು. ಎಂಜಿನ್ ಕಳಚಿದರು. ಆಮೇಲೆ ಏನೂ ಆಗಲಿಲ್ಲ, ತುಂಬಾ ಹೊತ್ತು. ಆಮೇಲೆ ಯಾರೋ ಹಿಂದಿನಿಂದ ನೂಕಿದ ಹಾಗಾಯಿತು. ಮುಂದೆ ಹೋದೆವು, ಹಿಂದೆ ಬಂದೆವು, ಮತ್ತೆ ಮುಂದೆ. ಇಡೀ ರೈಲು ಉದ್ದಕ್ಕೆ ಹಡಗಿನಲ್ಲಿ ಹಿಡಿಯುವುದಿಲ್ಲ ನೋಡಿ. ಅದಕ್ಕೇ ಅದನ್ನು ತುಂಡು ಮಾಡಿ, ಹಡಗಿನ ಹೊಟ್ಟೆಯೊಳಗಿನ ಹಳಿಗಳ ಮೇಲೆ ಪಕ್ಕಪಕ್ಕದಲ್ಲಿ ತಂದು ನಿಲ್ಲಿಸುತ್ತಾರೆ. ಕಿಟಕಿಯಾಚೆ ಇದ್ದ ಬಿಸಿಲು ಹೋಗಿ ಬಣ್ಣ ಬಳಿದ ಕಬ್ಬಿಣದ ಗೋಡೆ ಬಂತು. ಕೈಚಾಚಿದರೆ ಸಿಗುವಷ್ಟು ಹತ್ತಿರ ನಮ್ಮದೇ ರೈಲಿನ ಇನ್ನೊಂದು ಡಬ್ಬಿ!

ನಾನು ತಡೆಯಲಾರದೆ ಇಳಿದು, ಕಬ್ಬಿಣದ ಮೆಟ್ಟಿಲು ಹತ್ತಿ ಮೇಲಕ್ಕೆ ಓಡಿದೆ. ಮೇಲೆ ಗಾಳಿ, ಕಾಫಿ ಅಂಗಡಿ, ಮತ್ತು ಅರಂಚೀನಿ. ಅರಂಚೀನಿ ಅಂದರೆ ಅನ್ನದ ಉಂಡೆಗೆ ಹೂರಣ ತುಂಬಿ ಎಣ್ಣೆಯಲ್ಲಿ ಕರಿದದ್ದು. ಇದರ ಹೆಸರಿಗೊಂದು ಜಗಳ ಇದೆ. ಪಲೆರ್ಮೊದವರಿಗೆ ಅದು ಅರಂಚೀನಾ, ಹೆಣ್ಣು. ಸಿಸಿಲಿಯದೇ ಇನ್ನೊಂದು ಊರು ಕತಾನಿಯಾದವರಿಗೆ ಅರಂಚೀನೊ, ಗಂಡು. ಪಲೆರ್ಮೊದಲ್ಲಿ ಗಂಡು ಅಂದುಬಿಟ್ಟರೆ ಅಂಗಡಿಯವನು ತಿದ್ದದೆ ಬಿಡುವುದಿಲ್ಲ.

ನೀರಿನ ಮೇಲೆ ಇರುವುದು ಸುಮಾರು ಅರ್ಧ ಗಂಟೆ. ಮೆಸ್ಸಿನಾ ಬಂದರಿನ ಬಾಯಲ್ಲಿ ಎತ್ತರದ ಕಂಬದ ಮೇಲೆ ಬಂಗಾರ ಬಣ್ಣದ ಮೇರಿಮಾತೆ ನಿಂತಿದ್ದಾಳೆ. ಅವಳನ್ನು ನೋಡುತ್ತಾ ನಿಂತವನು ಕೆಳಗೆ ಬರುವಾಗ ಡಬ್ಬಿ ಯಾವುದೆಂದು ತಿಳಿಯದೆ ಒದ್ದಾಡಿದೆ. ಹುಷಾರಾಗಿರಬೇಕು, ಯಾಕೆಂದರೆ ಮೆಸ್ಸಿನಾದಲ್ಲಿ ರೈಲು ಎರಡಾಗುತ್ತದೆ. ಒಂದು ಪಾಲು ಪಲೆರ್ಮೊಗೆ, ಇನ್ನೊಂದು ಸಿರಾಕುಸಾಕ್ಕೆ. ತಪ್ಪು ಡಬ್ಬಿಯಲ್ಲಿ ಕೂತರೆ ಇನ್ನೊಂದು ಸಮುದ್ರದ ದಂಡೆಗೆ ಹೋಗುತ್ತೀರಿ.

ನನ್ನ ಎದುರು ಸೀಟಿನಲ್ಲಿ ಪಲೆರ್ಮೊದ ಒಬ್ಬರು ಅಜ್ಜಿ ಕೂತಿದ್ದರು. ಹಡಗಿನೊಳಗೂ ಅಲ್ಲಾಡದೆ ಅಲ್ಲೇ ಇದ್ದರು. ನೀವು ಮೇಲೆ ಬರಲಿಲ್ಲವಾ ಅಂತ ನನ್ನ ಹರಕುಮುರುಕು ಇಟಾಲಿಯನ್‌ನಲ್ಲಿ ಕೇಳಿದೆ. ಅವರು, "ವರ್ಷಕ್ಕೆ ನಾಲ್ಕು ಸಲ ಮಗನ ಮನೆಗೆ ಹೋಗಿ ಬರುತ್ತೇನಪ್ಪ, ಅದರಲ್ಲಿ ನೋಡುವುದೇನಿದೆ" ಅಂದರು. ಕಳಚಿ, ನೂಕಿ, ದಾಟಿಸಿ, ಮತ್ತೆ ಜೋಡಿಸುವಷ್ಟರಲ್ಲಿ ಒಂದೂವರೆ, ಎರಡು ಗಂಟೆ ಹೋಗುತ್ತದೆ. ಇಷ್ಟೇ ಇಷ್ಟು ನೀರು ದಾಟುವುದಕ್ಕೆ! ನಾನು ಫೋಟೋ ತೆಗೆಯುತ್ತಿದ್ದ ಹೊತ್ತಿನಲ್ಲಿ ಅವರು ಗಡಿಯಾರ ನೋಡುತ್ತಿದ್ದರು.

ಹೀಗೆ ರೈಲನ್ನು ಹಡಗಿಗೆ ಹತ್ತಿಸುವುದು ಶುರುವಾದದ್ದು 1899ರಲ್ಲಿ. ಅದಕ್ಕೂ ಮುಂಚೆ, ಕ್ರಿಸ್ತಪೂರ್ವ 250ರ ಆಸುಪಾಸಿನಲ್ಲಿ, ರೋಮನ್ನರು ಇದೇ ನೀರಿನ ಮೇಲೆ ಆನೆಗಳನ್ನು ದಾಟಿಸಿದ್ದರಂತೆ. ಪಲೆರ್ಮೊ ಯುದ್ಧದಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನವರಿಂದ ಗೆದ್ದ ಆನೆಗಳು, ನೂರಕ್ಕೂ ಜಾಸ್ತಿ. ದೊಡ್ಡ ದೊಡ್ಡ ಮಣ್ಣಿನ ಗುಡಾಣಗಳನ್ನು ಸಾಲಾಗಿ ಕಟ್ಟಿ, ಮೇಲೆ ತೆಪ್ಪ ಹಾಕಿ ಸಾಗಿಸಿದರು ಅಂತ ಹಳೇ ರೋಮನ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಆನೆಗಳು ಏನಂದುಕೊಂಡವೋ!

ಸೇತುವೆ ಕಟ್ಟುವ ಮಾತು ಬಹಳ ಹಳೆಯದು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ 13.5 ಬಿಲಿಯನ್ ಯೂರೋಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಎರಡು ಕಂಬಗಳ ನಡುವೆ 3,300 ಮೀಟರ್ ತೂಗಬೇಕು. ಕಂಬದಿಂದ ಕಂಬಕ್ಕೆ ಅಷ್ಟು ಉದ್ದದ ತೂಗುಸೇತುವೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಅಕ್ಟೋಬರ್‌ನಲ್ಲಿ ಲೆಕ್ಕಪತ್ರ ನೋಡುವ ನ್ಯಾಯಾಲಯ ಅದಕ್ಕೆ ತಡೆ ಹಾಕಿತು. ಜನರಿಗೂ ಒಂದು ಭಯ ಇದೆ. 1908ರ ಡಿಸೆಂಬರ್ 28ರ ಬೆಳಗಿನ ಜಾವ ಇದೇ ಜಾಗದಲ್ಲಿ ಭೂಕಂಪ ಆಗಿ ಮೆಸ್ಸಿನಾ ಊರಿಗೆ ಊರೇ ಬಿತ್ತು. ಹಿಂದೆಯೇ ಸಮುದ್ರ ಮೇಲೆ ಬಂತು. ಅಜ್ಜಿಯನ್ನು ಸೇತುವೆ ಬೇಕಾ ಅಂತ ಕೇಳಿದೆ. ಅವರು ಕೈಯಾಡಿಸಿದರು. ಬೇಕು ಅಂತಲೋ ಬೇಡ ಅಂತಲೋ, ನನಗೆ ಅರ್ಥವಾಗಲಿಲ್ಲ.

ಇನ್ನು ಹಡಗು. ನೇಪಲ್ಸ್ ಬಂದರಿನಿಂದ ರಾತ್ರಿ ಎಂಟರ ಹೊತ್ತಿಗೆ ಹೊರಟರೆ ಬೆಳಿಗ್ಗೆ ಪಲೆರ್ಮೊ. 1787ರಲ್ಲಿ ಜರ್ಮನ್ ಕವಿ ಗಯಟೆ ಇದೇ ದಾರಿಯಲ್ಲಿ ಹಾಯಿಹಡಗಿನಲ್ಲಿ ಬಂದ. ಮಾರ್ಚ್ 29ಕ್ಕೆ ಹೊರಟವನು ಏಪ್ರಿಲ್ 2ಕ್ಕೆ ತಲುಪಿದ. ದಾರಿಯಲ್ಲಿ ಹೊಟ್ಟೆ ತೊಳಸಿ ಮಲಗಿಬಿಟ್ಟಿದ್ದ. ನನಗೆ ಹೊಟ್ಟೆ ಸರಿಯಿತ್ತು, ಬುದ್ಧಿ ಸರಿಯಿರಲಿಲ್ಲ. ದುಡ್ಡು ಉಳಿಸಲು ಕ್ಯಾಬಿನ್ ಬಿಟ್ಟು ಬರೀ ಒರಗುವ ಸೀಟು ತೆಗೆದುಕೊಂಡಿದ್ದೆ. ಆ ಕೋಣೆಯಲ್ಲಿ ಏಸಿ ಎಷ್ಟಿತ್ತೆಂದರೆ, ಇದ್ದಬದ್ದ ಬಟ್ಟೆಯನ್ನೆಲ್ಲ ಹಾಕಿಕೊಂಡೂ ನಡುಗಿದೆ. ಪಕ್ಕದವರು ಮನೆಯಿಂದ ರಜಾಯಿ ತಂದು ನೆಲದಲ್ಲೇ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದರು. ಅನುಭವಸ್ಥರು!

ಐದೂವರೆಗೇ ಎದ್ದು ಮೇಲೆ ಹೋದೆ. ಕತ್ತಲು ಕರಗುತ್ತಾ ಬಲಗಡೆ ಒಂದು ದಪ್ಪ ಬೆಟ್ಟ ಎದ್ದು ಬಂತು. ಅದು ಮೊಂಟೆ ಪೆಲೆಗ್ರಿನೊ. ಅದರ ಮೇಲಿನ ಗವಿಯಲ್ಲಿ ಊರ ಕಾಯುವ ಸಾಂತಾ ರೊಸಾಲಿಯಾ ಇದ್ದಾಳೆ. 1624ರ ಪ್ಲೇಗಿನಿಂದ ಊರನ್ನು ಉಳಿಸಿದವಳು ಅಂತ ನಂಬಿಕೆ. ಪಲೆರ್ಮೊದಲ್ಲಿ ನೆಲೆಸಿರುವ ಶ್ರೀಲಂಕಾದ ತಮಿಳರೂ, ಅವರಲ್ಲಿ ಹಿಂದೂಗಳೂ, ಈ ಬೆಟ್ಟ ಹತ್ತಿ ಅವಳಿಗೆ ಕೈಮುಗಿದು ಬರುತ್ತಾರೆ.

ಹಡಗು ಇಳಿದರೆ ಊರ ನಡುವಿಗೇ ಕಾಲಿಟ್ಟ ಹಾಗೆ. ಟ್ಯಾಕ್ಸಿ ಬೇಡ, ನಡೆಯಬಹುದು. ನಿದ್ದೆಗೆಟ್ಟ ಕಣ್ಣಿನಲ್ಲಿ ಬಲ್ಲರೊ ಸಂತೆಗೆ ಹೋದೆ. ಅಲ್ಲೊಬ್ಬ ಕಡಲೆಹಿಟ್ಟಿನ ತೆಳ್ಳನೆ ತುಂಡುಗಳನ್ನು ಎಣ್ಣೆಯಲ್ಲಿ ಬಿಡುತ್ತಿದ್ದ. ಪನೆಲ್ಲೆ ಅಂತಾರೆ. ಹಿಟ್ಟನ್ನು ನೀರಲ್ಲಿ ಮುದ್ದೆಯ ಹಾಗೆ ತಿರುವಿ, ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸಿ ಕರಿಯುವುದು. ಎಳ್ಳು ಉದುರಿಸಿದ ಬನ್ನಿನೊಳಗಿಟ್ಟು ನಿಂಬೆ ಹಿಂಡಿ ಕೊಟ್ಟ. ಒಂದು ಮುಗಿಸಿ ಇನ್ನೊಂದು ಕೇಳಿದೆ. ಜೊತೆಗೆ ಹಸಿಮೆಣಸಿನಕಾಯಿ ಇದೆಯಾ ಅಂತಲೂ ಕೇಳಿದೆ. ಇರಲಿಲ್ಲ.

ನಮಸ್ಕಾರ.