ಹಿತ್ತಲ ಕೋಣೆಗೆ ಕಬ್ಬಿಣದ ಒಲೆ, ಮತ್ತು ಅಳುವ ಗೋಡೆ

ಈಗ ನೀವು ನೋಡುತ್ತಿರುವುದು ಶಿರಸಿ ಸೀಮೆಯ ನಮ್ಮ ಮನೆಯ ಹಿತ್ತಲ ಕಡೆಯ ಕೋಣೆ. ಅಡಿಕೆ ಸುಲಿಯುವ ದಿನಗಳಲ್ಲಿ ಆಯಿ ಮತ್ತು ನೆರೆಮನೆಯವರು ರಾತ್ರಿ 10 ಗಂಟೆಯವರೆಗೂ ಇಲ್ಲಿ ಕುಳಿತಿರುತ್ತಾರೆ. ಡಿಸೆಂಬರ್ ತಿಂಗಳ ಚಳಿ ಈ ಕೋಣೆಯಲ್ಲಿ ಕಾಲಿನಿಂದ ಮೇಲಕ್ಕೆ ಏರುತ್ತದೆ, ಮಳೆಗಾಲದಲ್ಲಿ ಇಲ್ಲಿ ಒಣಹಾಕಿದ ಬಟ್ಟೆ ನಾಲ್ಕನೆಯ ದಿನವೂ ಒದ್ದೆಯಾಗಿಯೇ ಇರುತ್ತದೆ. ಆದುದರಿಂದ ಇಲ್ಲೊಂದು ಕಟ್ಟಿಗೆಯ ಒಲೆಯನ್ನೂ ಹೊಗೆಕೊಳವೆಯನ್ನೂ ಕೂರಿಸಬೇಕೆಂದು ನಿರ್ಧರಿಸಿದೆ. ಇಟ್ಟುಕೊಂಡ ಮಿತಿ 25,000 ರೂಪಾಯಿ.

ಒಲೆಯನ್ನು ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ 6,500 ರೂಪಾಯಿಗೆ ಕೊಂಡೆ. ದಪ್ಪ ತಗಡಿನದು, ಬಾಗಿಲು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ, ಬೂದಿಯ ತಟ್ಟೆ ಬೇರೆಯಾಗಿ ಹೊರಗೆ ಬರುತ್ತದೆ. ತುಕ್ಕು ಉಜ್ಜಿದ್ದನ್ನೂ ಬಣ್ಣ ಬಳಿದದ್ದನ್ನೂ ನೀವೇ ನೋಡುತ್ತಿದ್ದೀರಿ, ಅದನ್ನು ವಿವರಿಸುವುದಿಲ್ಲ. ಹಳೆಯ ಒಲೆ ಕೊಳ್ಳುವವರು ಒಂದು ಪರೀಕ್ಷೆಯನ್ನು ಮಾತ್ರ ಮಾಡಲೇಬೇಕು: ಕತ್ತಲೆಯಲ್ಲಿ ಒಲೆಯೊಳಗೆ ಟಾರ್ಚ್ ಹೊತ್ತಿಸಿ ಬಾಗಿಲು ಮುಚ್ಚಿ, ಬೆಸುಗೆಯ ಗೆರೆಗಳಿಂದ ಬೆಳಕು ಇಣುಕುತ್ತದೆಯೇ ಎಂದು ಸುತ್ತಲೂ ನೋಡಬೇಕು.

ಕೊಳವೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹಣ ಹೋಗುವುದೂ ಅಪಾಯ ಬರುವುದೂ ಅಲ್ಲಿಂದಲೇ. ನೆರೆಮನೆಯವರು ತಮ್ಮ ಅಟ್ಟದಲ್ಲಿ ಉಳಿದಿದ್ದ ಕಲ್ನಾರಿನ ಸಿಮೆಂಟ್ ಪೈಪನ್ನು ಪುಕ್ಕಟೆಯಾಗಿ ಕೊಡುತ್ತೇನೆಂದರು. ಪುಕ್ಕಟೆ ಎಂದರೆ ನನಗೂ ಆಸೆಯೇ, ಆದರೂ ಬೇಡವೆಂದೆ. ಅದನ್ನು ಕೊಯ್ದಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಹೆಚ್ಚು ಕಾದರೆ ಪೈಪು ಸೀಳುತ್ತದೆ. ಸತು ಲೇಪಿಸಿದ ಜಿಐ ತಗಡನ್ನೂ ಒಲೆಯ ಹತ್ತಿರಕ್ಕೆ ಬಿಡಲಿಲ್ಲ. ಸತುವು ಸುಮಾರು 420 ಡಿಗ್ರಿಗೆ ಕರಗುತ್ತದೆ, ವಿಪರೀತ ಕಾದರೆ ಅದರ ಹೊಗೆ ಕುಡಿದವರಿಗೆ ಮೈಕೈ ನೋವು, ಜ್ವರ ಬರುತ್ತದೆ. ಹಾಗಾಗಿ ಕೆಳಗೆ 3 ಅಡಿಯ ಮೂರು ತುಂಡುಗಳು 2 ಮಿಲಿಮೀಟರ್ ದಪ್ಪದ ಸಾದಾ ಕಬ್ಬಿಣದವು, ಮೇಲೆ 6 ಅಡಿಯ ಒಂದು ತುಂಡು ಸ್ಟೇನ್‌ಲೆಸ್ ಸ್ಟೀಲಿನದು. ವ್ಯಾಸ 6 ಅಂಗುಲ. ಮಾಡಿನ, ಅಂದರೆ ಹಂಚಿನ ಛಾವಣಿಯ, ಹೊರಗೆ ಸಾದಾ ಕಬ್ಬಿಣ ನಮ್ಮ ಮಳೆಗೆ ಬಾಳುವುದಿಲ್ಲ. ಬುಡದ ಟೀ (T ಆಕಾರದ ಕೊಳವೆ ತುಂಡು) ಮತ್ತು ತುದಿಯ ಟೋಪಿಯೂ ಸೇರಿ ಒಟ್ಟು 9,400 ರೂಪಾಯಿ ಆಯಿತು. ಇನ್ಸುಲೇಷನ್ ತುಂಬಿದ ಎರಡು ಪದರದ ಕೊಳವೆಯ ಬೆಲೆ ಕೇಳಿ, ಅದು ಶ್ರೀಮಂತರ ಶೋಕಿ ಎಂದು ಆ ದಿನವೇ ಕ್ಯಾಮೆರಾದ ಮುಂದೆ ಹೇಳಿದ್ದೆ. ಆ ಮಾತನ್ನು ಸ್ವಲ್ಪ ಹೊತ್ತಿನಲ್ಲಿ ಹಿಂದೆಗೆದುಕೊಳ್ಳಲಿದ್ದೇನೆ.

ಈ ದೃಶ್ಯದಲ್ಲಿ ಮರಗೆಲಸದ ಆಚಾರಿಯವರು ಮುಖ ಸಿಂಡರಿಸಿಕೊಂಡಿರುವುದಕ್ಕೆ ಕಾರಣವಿದೆ. ಕೊಳವೆ ದಾಟುವಲ್ಲಿ ಎರಡು ಹಂಚು ತೆಗೆದು, ಹಂಚು ಕೂರುವ ಮರದ ರೀಪುಗಳ ಸಂದಿಯಲ್ಲಿ ಕೊಳವೆಯನ್ನು ತೂರಿಸಿದರೆ ಸಾಕೆಂದು ಅವರ ಅಭಿಪ್ರಾಯವಾಗಿತ್ತು. ಹಂಚು ಸುಡುವುದಿಲ್ಲ ನಿಜ, ಆದರೆ ಅದರ ಕೆಳಗಿನ ರೀಪು ಮತ್ತು ಅದನ್ನು ಹೊರುವ ಮರದ ಪಕಾಸು ಸುಡುತ್ತವೆ. ಒಂದೇ ಪದರದ ಕೊಳವೆಗೂ ಮರಕ್ಕೂ ನಡುವೆ 18 ಅಂಗುಲ ಅಂತರವಿರಬೇಕು. ಮೊದಲ ವರ್ಷ ಏನೂ ಆಗಲಿಲ್ಲವೆಂದು ಧೈರ್ಯ ತಾಳುವಂತಿಲ್ಲ, ಏಕೆಂದರೆ ದಿನವೂ ಬಿಸಿಯುಂಡ ಮರ ಒಳಗೊಳಗೇ ಇದ್ದಿಲಾಗುತ್ತ ಬಂದು, ಹೊಸತಾಗಿದ್ದಾಗ ತಾಳಿಕೊಂಡ ಶಾಖಕ್ಕೇ ಮುಂದೊಂದು ದಿನ ಹೊತ್ತಿಕೊಳ್ಳಬಲ್ಲದು. ಕೊನೆಗೆ ಎರಡು ಪಕಾಸುಗಳ ನಡುಭಾಗವನ್ನು ಕತ್ತರಿಸಿ, ಕೊಳವೆಯ ಸುತ್ತ ಎಲ್ಲ ಕಡೆಯೂ ಒಂದೂವರೆ ಅಡಿ ಬಿಟ್ಟು, ಕಬ್ಬಿಣದ ಆಂಗಲ್‌ನ ಚೌಕಟ್ಟು ಕೂರಿಸಿ, ಅದರ ಮೇಲೆ ತಗಡು ಹೊದಿಸಿದೆವು. ಆ ತಗಡಿನ ಮೇಲಂಚು ಮೇಲಿನ ಸಾಲಿನ ಹಂಚಿನ ಅಡಿಗೆ ಹೋಗುತ್ತದೆ, ಕೆಳಅಂಚು ಕೆಳಗಿನ ಸಾಲಿನ ಮೇಲೆ ಬರುತ್ತದೆ. ಇದಿಷ್ಟಕ್ಕೆ ಆಚಾರಿಯವರ ಕೂಲಿ ಸೇರಿ 4,200 ರೂಪಾಯಿ. ಮಿತಿಯೊಳಗೆ ಮುಗಿಸಬೇಕೆನ್ನುವವರು ಇಲ್ಲಿ ಮಾತ್ರ ಉಳಿತಾಯ ಮಾಡಬಾರದು.

ಎತ್ತರದ ಲೆಕ್ಕವೂ ಇದೆ. ಕೊಳವೆಯ ತುದಿ ಅದು ಮಾಡು ದಾಟಿದ ಸ್ಥಳದಿಂದ ಕನಿಷ್ಠ 3 ಅಡಿ ಮೇಲಿರಬೇಕು, ಸುತ್ತಲಿನ 10 ಅಡಿಯೊಳಗಿರುವ ಮಾಡಿನ ನೆತ್ತಿಗಿಂತ 2 ಅಡಿ ಎತ್ತರವಾಗಿಯೂ ಇರಬೇಕು. ಇಲ್ಲದಿದ್ದರೆ ನೆತ್ತಿಯನ್ನು ಹಾದು ಕೆಳಕ್ಕೆ ಸುಳಿಯುವ ಗಾಳಿ ಹೊಗೆಯನ್ನು ತಿರುಗಿ ಮನೆಯೊಳಕ್ಕೇ ನೂಕುತ್ತದೆ. ನಮ್ಮದು ನಾಲ್ಕೂವರೆ ಅಡಿ ಹೊರಗಿದೆ, ಗಾಳಿಗೆ ಅಲುಗದಂತೆ ಮೂರು ಕಡೆ ತಂತಿ ಬಿಗಿದಿದ್ದೇವೆ.

ಈಗ ಗೋಡೆಯನ್ನು ನೋಡಿ. ಬಿಳಿಯ ಸುಣ್ಣದ ಮೇಲೆ ಕಪ್ಪಾಗಿ, ಜೋನಿಬೆಲ್ಲದಂತೆ ಅಂಟಂಟಾಗಿ ಇಳಿದಿರುವ ಈ ಗೆರೆ ಒಲೆ ಹೊತ್ತಿಸಿದ ಮೂರನೆಯ ಬೆಳಿಗ್ಗೆ ಕಾಣಿಸಿಕೊಂಡಿತು. ಮೊದಲು ನೋಡಿದ್ದು ಆಯಿ. "ಗೋಡೆ ಅಳ್ತಾ ಇದ್ದಲೋ ತಮ" ಎಂದು ಅವಳು ಕೂಗಿದಾಗ ಮಾಡು ಸೋರಿರಬೇಕೆಂದು ನಾನು ಭಾವಿಸಿದೆ. ಆದರೆ ಮಳೆ ನಿಂತು ತಿಂಗಳಾಗಿತ್ತು. ಬೆರಳಿನಿಂದ ಮುಟ್ಟಿ ಮೂಸಿದರೆ ಸುಟ್ಟ ಕಟ್ಟಿಗೆಯ ಕಟುವಾಸನೆ. ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಆ ವಾಸನೆ ಕೈ ಬಿಡಲಿಲ್ಲ. ಏಣಿ ಹತ್ತಿ ನೋಡಿದಾಗ ತಿಳಿಯಿತು: ಅದು ಕೊಳವೆಯ ಎರಡನೆಯ ಬೆಸೆಯಿಂದ ಹೊರಟು, ಕೊಳವೆಯನ್ನು ಹಿಡಿದಿಟ್ಟ ಕಬ್ಬಿಣದ ಪಟ್ಟಿಯ ಮೇಲೆ ಹರಿದು, ಗೋಡೆಗೆ ತಲುಪುತ್ತಿತ್ತು.

ತಪ್ಪು ಜೋಡಣೆಯಲ್ಲಿತ್ತು. ಕೊಳವೆಯ ಪ್ರತಿ ತುಂಡಿನ ಒಂದು ತುದಿ ತುಸು ಕಿರಿದಾಗಿರುತ್ತದೆ. ಕಿರಿದಾದ ತುದಿಯನ್ನು ಮೇಲಕ್ಕೆ ಮಾಡಿ, ಕೆಳಗಿನ ತುಂಡು ಮೇಲಿನದರ ಒಳಗೆ ಸೇರುವಂತೆ ವರ್ಕ್‌ಶಾಪಿನವರು ಮೂರನ್ನೂ ಜೋಡಿಸಿ ರಿವೆಟ್ ಹೊಡೆದುಕೊಟ್ಟಿದ್ದರು. ಹೊಗೆ ಮೇಲಕ್ಕೆ ಹೋಗುವುದರಿಂದ ಹೀಗಿದ್ದರೆ ಸಂದಿಯಲ್ಲಿ ಅದು ಹೊರಬೀಳುವುದಿಲ್ಲ ಎಂಬುದು ಅವರ ವಾದ. ಪ್ರಾಮಾಣಿಕವಾಗಿ ಹೇಳುವುದಾದರೆ ನಾನೂ ಅಂದು ತಲೆಯಾಡಿಸಿದ್ದೆ. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಬಿಸಿಹೊಗೆ ಹಗುರವಾಗಿ ಮೇಲೇರುವಾಗ ಕೊಳವೆಯೊಳಗಿನ ಒತ್ತಡ ಕೋಣೆಯದಕ್ಕಿಂತ ಕಡಿಮೆಯಾಗುತ್ತದೆ, ಆದ್ದರಿಂದ ಸಂದಿಯಿದ್ದರೆ ಕೋಣೆಯ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊಗೆ ಹೊರಗೆ ಬರುವುದಿಲ್ಲ. ಹೊರಗೆ ಬರುವುದು ನೀರು ಮತ್ತು ಕೀಲೆಣ್ಣೆ, ಅಂದರೆ ಕಟ್ಟಿಗೆಯ ಹೊಗೆಯಿಂದ ಕೂರುವ ಟಾರಿನಂಥ ಅಂಟು. ಹೊಗೆ ಮೇಲೆ ಹೋಗುತ್ತ ತಣ್ಣಗಾಗಿ ಕೊಳವೆಯ ಒಳಮೈಗೆ ಬೆವರಿನಂತೆ ಕೂರುತ್ತದೆ, ಆ ಬೆವರು ಕೆಳಕ್ಕೆ ಇಳಿಯುತ್ತದೆ. ಮೇಲಿನ ತುಂಡಿನ ಕಿರಿದಾದ ತುದಿ ಕೆಳಗಿನದರ ಒಳಗೆ ಸೇರಿದ್ದರೆ ಅದು ಒಳಗೊಳಗೇ ಇಳಿದು ಒಲೆಗೆ ಬಿದ್ದು ಉರಿದುಹೋಗುತ್ತದೆ. ತಲೆಕೆಳಗಾಗಿದ್ದರೆ ಪ್ರತಿ ಬೆಸೆಯೂ ಒಂದು ಸೋರುವ ಕಂಠ. ಹೊರಗಿನ ಮಳೆನೀರಿನ ಲೆಕ್ಕ ಇದಕ್ಕೆ ತಿರುಗುಮುರುಗು, ಆದ್ದರಿಂದಲೇ ಮಾಡಿನ ಮೇಲೆ ಬೆಸೆಯೇ ಇರದಂತೆ 6 ಅಡಿಯ ಒಂದೇ ತುಂಡು ಹಾಕಿಸಿದ್ದು. ಅದೊಂದನ್ನು ನಾನು ಸರಿಯಾಗಿ ಯೋಚಿಸಿದ್ದೆ.

ರಿವೆಟ್ ಕಿತ್ತು ತಿರುಗಿಸಿ ಕೊಡಿರೆಂದು ಕೊಳವೆಯನ್ನು ಹೊತ್ತುಕೊಂಡು ಹೋದೆ. ಮತ್ತೆ 700 ರೂಪಾಯಿ ಕೇಳಿದರು. ಶಿರಸಿಯಲ್ಲಿ ಎಲ್ಲರಿಗೂ ಹೀಗೆಯೇ ಮಾಡಿಕೊಟ್ಟಿದ್ದೇವೆ, ಯಾರೂ ದೂರಿಲ್ಲ ಎಂದರು. ಹಾಗಾದರೆ ಶಿರಸಿಯಲ್ಲಿ ಎಷ್ಟು ಗೋಡೆಗಳು ಅಳುತ್ತಿವೆಯೋ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಕೊಳವೆ ಅವರ ಕೈಯಲ್ಲಿತ್ತು. ಅರ್ಧ ಗಂಟೆಯ ಕೆಲಸಕ್ಕೆ ಎರಡು ದಿನ ಓಡಾಡಿಸಿ, ಬಸ್ಸಿನವರಿಂದ ಕೊಳವೆಗೆ ಬೇರೆ ಟಿಕೆಟ್ ಹರಿಸಿಕೊಳ್ಳುವಂತೆ ಮಾಡಿದರು. ಆ 700 ರೂಪಾಯಿ ಈಗಲೂ ನನಗೆ ಉರಿಯುತ್ತದೆ. ನೀವು ಕೊಳವೆ ಮಾಡಿಸುವಾಗ ಕಿರಿದಾದ ತುದಿ ಕೆಳಕ್ಕೆ ಎಂದು ಕಾಗದದಲ್ಲಿ ಚಿತ್ರ ಬರೆದುಕೊಡಿ, ರಿವೆಟ್ ಬೇಡವೆನ್ನಿ, ಪ್ರತಿ ಬೆಸೆಗೆ ಮೂರು ಸ್ಕ್ರೂ ಸಾಕು. ಬಿಚ್ಚಿ ಗುಡಿಸಲು ಅದೇ ಅನುಕೂಲ.

ಇಷ್ಟೊಂದು ಕೀಲೆಣ್ಣೆ ಏಕೆ ಬಂತೆಂಬ ಪ್ರಶ್ನೆಗೆ ಉತ್ತರ ನನ್ನ ಕಟ್ಟಿಗೆಯೇ. ಮಳೆಗಾಲದಲ್ಲಿ ಬಿದ್ದ ಮತ್ತಿಯ ಕೊಂಬೆಯನ್ನು ಸೀಳಿ, ಎರಡೇ ತಿಂಗಳಿಗೆ ಒಲೆಗೆ ಹಾಕಿದ್ದೆ. ಕಟ್ಟಿಗೆಯ ತೇವ ಶೇಕಡಾ 20ಕ್ಕಿಂತ ಕಡಿಮೆಯಿರಬೇಕು, ಅದಕ್ಕೆ ಸೂರಿನಡಿ ಕನಿಷ್ಠ ಆರು ತಿಂಗಳು ಬೇಕು. ಒಣಗಿದ ಎರಡು ಸೀಳುಗಳನ್ನು ತಾಗಿಸಿದರೆ ಟಣ್ ಎನ್ನುತ್ತವೆ, ಹಸಿಯವು ದೊಪ್ಪೆನ್ನುತ್ತವೆ. ಹಸಿಕಟ್ಟಿಗೆ ಗಾಳಿ ಕಡಿಮೆ ಬಿಟ್ಟ ಒಲೆಯಲ್ಲಿ ರಾತ್ರಿಯಿಡೀ ಹೊಗೆಯಾಡಿದರೆ ಆ ಕೀಲೆಣ್ಣೆ ಕೊಳವೆಯೊಳಗೆ ಗಟ್ಟಿಯಾಗಿ, ಒಂದು ದಿನ ಕೊಳವೆಯೇ ಹೊತ್ತಿ ಬುಸುಗುಟ್ಟುತ್ತದೆ. ಆಗ ಗಾಳಿಯ ಕಿಂಡಿ ಮುಚ್ಚಿ ಎಲ್ಲರೂ ಹೊರಗೆ ಬಂದು ಅಗ್ನಿಶಾಮಕ ದಳಕ್ಕೆ ಕರೆ ಮಾಡಬೇಕು, ಕೆಂಪಗೆ ಕಾದ ಒಲೆಗೂ ಕೊಳವೆಗೂ ನೀರು ಎರಚಬಾರದು. ಎರಡು ಪದರದ ಕೊಳವೆ ಶೋಕಿಯಲ್ಲವೆಂದು ನಾನು ಒಪ್ಪುವುದೂ ಇಲ್ಲಿಯೇ: ಅದು ಹೊಗೆಯನ್ನು ಬಿಸಿಯಾಗಿಯೇ ಮೇಲಕ್ಕೆ ಕಳುಹಿಸುತ್ತದೆ, ಬೆವರಲು ಬಿಡುವುದಿಲ್ಲ. ಮುಂದಿನ ಅಡಿಕೆಗೆ ಒಳ್ಳೆಯ ಧಾರಣೆ ಬಂದರೆ ಮಾಡಿನ ಮೇಲಿನ ಭಾಗಕ್ಕಾದರೂ ಅದನ್ನೇ ಹಾಕಿಸುತ್ತೇನೆ.

ಗೋಡೆಯ ಮೇಲಿನ ಈ ಚಿಕ್ಕ ಬಿಳಿ ಪೆಟ್ಟಿಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ, 1,900 ರೂಪಾಯಿ. ಕೆಂಡದಿಂದ ಹೊರಡುವ ಆ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ನಿಂತಿತೆಂದು ಕೆಂಡವಿರುವಾಗಲೇ ಕೊಳವೆಯ ಅಡ್ಡತಗಡನ್ನು ಮುಚ್ಚಿ ಮಲಗುವುದು ಬಹಳ ಅಪಾಯಕರ.

ಇದು ನಿನ್ನೆಯ ಸಂಜೆಯ ಚಿತ್ರ. ತಣ್ಣನೆಯ ಕೊಳವೆಯಲ್ಲಿ ಗಾಳಿ ಕಟ್ಟಿಕೊಂಡಿರುತ್ತದೆ, ಹಾಗಾಗಿ ಮೊದಲು ಟೀ ಬಾಯಿಯಲ್ಲಿ ಒಣ ಸೋಗೆಯ ಎಸಳೊಂದನ್ನು ಉರಿಸಿ ಕೊಳವೆಯನ್ನು ಬೆಚ್ಚಗೆ ಮಾಡಿದೆ, ಆಮೇಲೆ ಒಲೆ ಹೊತ್ತಿಸಿದೆ. ಊದಿನಕಡ್ಡಿಯನ್ನು ಬೆಸೆಯ ಹತ್ತಿರ ಹಿಡಿದಾಗ ಅದರ ಹೊಗೆ ಬಾಗಿ ಸಂದಿಯೊಳಕ್ಕೆ ನುಸುಳುತ್ತಿರುವುದನ್ನು ಗಮನಿಸಿ. ಮೂರೂ ಬೆಸೆಗಳಲ್ಲಿ ಹೀಗೆಯೇ ಆಯಿತು. ಈಗಾಗಲೇ ಖರ್ಚು 23,300 ರೂಪಾಯಿ, ಅದರಲ್ಲಿ ಸ್ಕ್ರೂ ಮತ್ತು ಶಾಖ ತಡೆಯುವ ಸೀಲೆಂಟ್‌ಗೆ 600.

ಚಿತ್ರದ ಬಲಮೂಲೆಯಲ್ಲಿ, ಒಲೆಯಿಂದ ಒಂದೇ ಅಡಿ ದೂರದಲ್ಲಿ, ಒಂದು ಹಗ್ಗ ಕಾಣಿಸುತ್ತಿದೆಯಲ್ಲವೇ? ನಾನು ಕ್ಯಾಮೆರಾ ಹೊಂದಿಸುತ್ತಿದ್ದಾಗ ಆಯಿ ಅದನ್ನು ಕಟ್ಟಿ, ಎರಡು ಟವೆಲನ್ನೂ ಹರವಿದ್ದಾಳೆ. ಅದರ ಕೆಳಗೇ ಅಡಿಕೆ ಸಿಪ್ಪೆಯ ರಾಶಿ ಇದೆ. ಎರಡೂ ಕನಿಷ್ಠ 3 ಅಡಿ ದೂರ ಹೋಗಬೇಕು, ನಾನು ಹೋಗಿ ಅದನ್ನು ಬಿಚ್ಚುತ್ತೇನೆ.